ದೇಹದ ಪಡಿಯಚ್ಚು, ಜೀವದ ಹೊಣೆ

2009ನೆಯ ಇಸವಿಯ ಜೂನ್ ತಿಂಗಳು. ಯಾದಗಿರಿ ಆಗಿನ್ನೂ ಗುಲಬರ್ಗಾ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ನಾನು ಸುರಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಶಿಕ್ಷಕ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ಕ್ಲೋನಿಂಗ್ ವಿಧಾನದಿಂದ ‘ಗರಿಮಾ’ ಎಂಬ ಎಮ್ಮೆಗರು ಜನಿಸಿದ ವಾರ್ತೆ ಪತ್ರಿಕೆಗಳಲ್ಲಿ ಬಂದಿತ್ತು. ರಜೆಯ ದಿನವೊಂದರಲ್ಲಿ ಯಾದಗಿರಿಯ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಒಬ್ಬನೇ ಮಗ ಅದರ ಹಿಂದಿನ ವರ್ಷ, ಹದಿನೇಳನೆಯ ವಯಸ್ಸಿನಲ್ಲಿ, ಜ್ವರದಿಂದ ತೀರಿಕೊಂಡಿದ್ದ. ಊಟವಾದ ಮೇಲೆ ಅಕ್ಕ ಪತ್ರಿಕೆಯ ಆ ಹಾಳೆಯನ್ನೂ ಮಗನ ಬಾಚಣಿಗೆಯನ್ನೂ ತಂದು ನನ್ನ ಮುಂದಿಟ್ಟಳು. ಬಾಚಣಿಗೆಯ ಹಲ್ಲುಗಳಲ್ಲಿ ಅವನ ಕೂದಲು ಹಾಗೆಯೇ ಉಳಿದಿದ್ದವು.

“ತಮ್ಮಾ, ನೀ ವಿಜ್ಞಾನ ಕಲಿಸಾಂವ. ಒಂದು ಎಮ್ಮಿ ಇದ್ದಂಗೇ ಇನ್ನೊಂದು ಮಾಡ್ಯಾರಂತ. ಮನುಷ್ಯಾರ್ನೂ ಹಂಗ ಮಾಡ್ಲಾಕ ಬರ್ತದೇನು?” ಎಂದು ಕೇಳಿದಳು.

“ಇಲ್ಲಕ್ಕಾ, ಅದನ್ನ ಲೋಕದಾಗ ಎಲ್ಲಾ ಕಡಿ ನಿಷೇಧ ಮಾಡ್ಯಾರ” ಎಂದೆ.

“ಬ್ಯಾಡ ಅಂದಿದ್ರ ಅದಕ್ಕೊಂದು ಕಾರಣ ಇರ್ಬೇಕಲ್ಲ. ಅದನ್ನ ಹೇಳು.”

ನಾನು ಹೇಳಲಾರದೆ ಹೋದೆ. ನಿಷೇಧವಿದೆ ಎಂಬುದಷ್ಟೇ ನನಗೆ ಗೊತ್ತಿತ್ತು. ಅದು ಏತಕ್ಕಾಗಿ, ಎಷ್ಟರಮಟ್ಟಿಗೆ, ಯಾರು ವಿಧಿಸಿದ್ದು ಎಂಬುದು ಗೊತ್ತಿರಲಿಲ್ಲ. ಮುಂದೆ ಓದುತ್ತ ಹೋದಂತೆ, ‘ಎಲ್ಲಾ ಕಡೆ ನಿಷೇಧ’ ಎಂಬ ನನ್ನ ಮಾತು ಅರ್ಧ ಸತ್ಯವೆಂದು ತಿಳಿಯಿತು. ಉಳಿದರ್ಧ ಹದಿಮೂರು ವರ್ಷಗಳ ತರುವಾಯ ಅದೇ ಮನೆಯ ಬಾಗಿಲಿಗೆ ಬಂದು ನಿಂತಿತು. ಆ ಕಥೆಯನ್ನು ಸಾಧರ್ಮಿ ಬಂಧುಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ತದ್ರೂಪವನ್ನು ಬೆಳೆಯುವುದು ನಮ್ಮ ಒಕ್ಕಲಿಗರಿಗೆ ಹೊಸ ಸಂಗತಿಯಲ್ಲ. ಬಾಳೆಯ ಕಂದು, ಕಬ್ಬಿನ ತುಂಡು, ವೀಳ್ಯದ ಬಳ್ಳಿ ಇವೆಲ್ಲ ಬೀಜದ ಹಂಗಿಲ್ಲದೆ ತಾಯಿಗಿಡದ ಗುಣವನ್ನೇ ಹೊತ್ತು ಬೆಳೆಯುತ್ತವೆ. ಆದರೆ ಮೊಲೆಯೂಡಿಸುವ ಪ್ರಾಣಿಗಳಲ್ಲಿ, ಬೆಳೆದ ದೇಹದ ಒಂದು ಕೋಶದಿಂದ ಇದು ಸಾಧ್ಯವೆಂದು ತೋರಿಸಿದ್ದು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆ. ಆರು ವರ್ಷದ ಕುರಿಯೊಂದರ ಕೆಚ್ಚಲಿನಿಂದ ತೆಗೆದ ಕೋಶವನ್ನು, ತನ್ನ ಕೋಶಕೇಂದ್ರವನ್ನು ಕಳೆದುಕೊಂಡ ಬೇರೊಂದು ಕುರಿಯ ಅಂಡಾಣುವಿನೊಡನೆ ವಿದ್ಯುತ್ತಿನ ಸ್ಪರ್ಶದಿಂದ ಬೆಸೆದು, ಹಾಗೆ ದೊರೆತ ಭ್ರೂಣವನ್ನು ಮತ್ತೊಂದು ಕುರಿಯ ಗರ್ಭದಲ್ಲಿ ಇರಿಸಿದರು. 1996ರ ಜುಲೈ 5ರಂದು ‘ಡಾಲಿ’ ಹುಟ್ಟಿತು. 1997ರ ಫೆಬ್ರವರಿಯಲ್ಲಿ ಲೋಕಕ್ಕೆ ತಿಳಿಯಿತು.

ವಿಜ್ಞಾನವು ಆ ಒಂದು ಮರಿಯನ್ನು ಕಂಡು ಬೆರಗಾಯಿತು. ಜೈನನಾದವನು ಉಳಿದ ಲೆಕ್ಕವನ್ನೂ ಓದಬೇಕು. ಬೆಸೆದದ್ದು 277 ಅಂಡಾಣುಗಳನ್ನು. ಅವುಗಳಲ್ಲಿ ಭ್ರೂಣವಾಗಿ ಬೆಳೆದು ಗರ್ಭಕ್ಕೆ ಸೇರಿದ್ದು 29. ಬದುಕಿ ಉಳಿದ ಮರಿ ಒಂದು. ಆ ಒಂದು ಸಹ ಶ್ವಾಸಕೋಶದ ರೋಗಕ್ಕೆ ತುತ್ತಾಗಿ, 2003ರ ಫೆಬ್ರವರಿ 14ರಂದು ವೈದ್ಯರ ಸೂಜಿಯಿಂದ ಕೊನೆಗಂಡಿತು. ಕರ್ನಾಲ್‌ನಲ್ಲಿ ಗರಿಮಾಗಿಂತ ಮೊದಲು, 2009ರ ಫೆಬ್ರವರಿಯಲ್ಲಿ ಹುಟ್ಟಿದ್ದ ಕರು ಕೆಲವೇ ದಿನಗಳಲ್ಲಿ ಸತ್ತಿತ್ತು. ಗರಿಮಾ ಎರಡು ವರ್ಷ ಬದುಕಿ 2011ರಲ್ಲಿ ತೀರಿಕೊಂಡಿತು. 2018ರಲ್ಲಿ ಚೀನಾದ ಶಾಂಘೈಯಲ್ಲಿ ಇದೇ ವಿಧಾನದಿಂದ ಎರಡು ಕೋತಿಮರಿಗಳು ಹುಟ್ಟಿದ ಸಂಗತಿ ಪ್ರಕಟವಾಯಿತು. ಮಾನವನ ಮಟ್ಟಿಗೆ, 2002ರ ಡಿಸೆಂಬರಿನಲ್ಲಿ ವಿದೇಶದ ಒಂದು ಪಂಥದವರು ಅಂಥ ಮಗು ಹುಟ್ಟಿತೆಂದು ಸಾರಿದರೂ ಪುರಾವೆಯನ್ನು ಒದಗಿಸಲಿಲ್ಲ. ಇಂದಿನವರೆಗೆ ಮಾನವನ ತದ್ರೂಪ ಹುಟ್ಟಿದ ಸಂಗತಿ ಎಲ್ಲಿಯೂ ಸಿದ್ಧಪಟ್ಟಿಲ್ಲ.

ಒಂದು ವೇಳೆ ಹುಟ್ಟಿದರೂ ಅಕ್ಕನ ಮಗ ಮರಳಿ ಬರುತ್ತಿದ್ದನೇ? ನಮ್ಮ ಸಿದ್ಧಾಂತದಲ್ಲಿ ಇದಕ್ಕೆ ಉತ್ತರವು ಸ್ಪಷ್ಟವಾಗಿದೆ. ಔದಾರಿಕ ಶರೀರದ ರೂಪವು ನಾಮಕರ್ಮದ ಫಲ. ಆಯುಷ್ಯವು ಆಯುಕರ್ಮದ ಫಲ. ದೇಹವನ್ನು ತ್ಯಜಿಸಿದ ಜೀವವು ಕೆಲವೇ ಸಮಯಗಳಲ್ಲಿ ತನ್ನ ಮುಂದಿನ ಗತಿಯನ್ನು ಸೇರಿರುತ್ತದೆ. ಬಾಚಣಿಗೆಯಲ್ಲಿ ಉಳಿದದ್ದು ಪುದ್ಗಲ. ಆ ಪುದ್ಗಲದ ನೆರವಿನಿಂದ ಒಂದು ದೇಹವನ್ನು ರೂಪಿಸಿದರೆ, ಅದರಲ್ಲಿ ನೆಲೆಗೊಳ್ಳುವ ಜೀವವು ತನ್ನದೇ ಕರ್ಮದ ಗಂಟನ್ನು ಹೊತ್ತು ಬಂದ ಬೇರೊಂದು ಜೀವ. ಪ್ರಕೃತಿಯಲ್ಲಿ ಇದಕ್ಕೆ ನಿದರ್ಶನವಿದೆ: ಒಂದೇ ಅಂಡದಿಂದ ಹುಟ್ಟುವ ಅವಳಿ ಮಕ್ಕಳು ಪರಸ್ಪರ ತದ್ರೂಪರೇ, ಆದರೂ ಇಬ್ಬರ ಸುಖದುಃಖ ಬೇರೆ, ಆಯುಷ್ಯ ಬೇರೆ. ಮರುಭೂತಿ ಮತ್ತು ಕಮಠ ಒಂದೇ ತಾಯಿಯ ಮಕ್ಕಳು. ಒಬ್ಬನ ಜೀವ ಭವಭವಾಂತರಗಳ ಕ್ಷಮೆಯಿಂದ ಪಾರ್ಶ್ವನಾಥ ತೀರ್ಥಂಕರನಾಯಿತು, ಮತ್ತೊಬ್ಬನ ಜೀವ ವೈರವನ್ನೇ ಹೊತ್ತು ತಿರುಗಿತು.

ಆದ್ದರಿಂದ ಮಾನವ ಕ್ಲೋನಿಂಗಿನಲ್ಲಿ ಮೊದಲು ಅನ್ಯಾಯಕ್ಕೆ ಒಳಗಾಗುವವನು ಹುಟ್ಟಲಿರುವ ಆ ಮಗುವೇ. ಅವನನ್ನು ನಾವು ಸತ್ತವನ ಹೆಸರಿನಿಂದ ಕರೆಯುತ್ತೇವೆ; ಸತ್ತವನಂತೆ ನಗಲಿ, ಓದಲಿ ಎಂದು ನಿರೀಕ್ಷಿಸುತ್ತೇವೆ; ಅವನಂತೆ ಆಗದಿದ್ದಾಗ ಎರಡನೆಯ ಸಲ ದುಃಖಪಡುತ್ತೇವೆ. ಒಂದು ಜೀವವನ್ನು ಅದರ ಸ್ವಂತ ಬಾಳಿಗಾಗಿ ಬರಮಾಡಿಕೊಳ್ಳದೆ, ನಮ್ಮ ಮೋಹದ ಪರಿಹಾರಕ್ಕಾಗಿ ಬರಮಾಡಿಕೊಳ್ಳುವುದು ಹಿಂಸೆಯ ಒಂದು ಬಗೆಯೇ ಸರಿ.

ಇನ್ನು ಲೋಕದ ಕಾಯಿದೆಗಳು. ಡಾಲಿಯ ಸುದ್ದಿ ಹೊರಬಿದ್ದ ವರ್ಷವೇ, 1997ರ ನವೆಂಬರ್ 11ರಂದು, ಯುನೆಸ್ಕೋ ಸಂಸ್ಥೆಯು ಮಾನವ ಜೀನೋಮ್ ಮತ್ತು ಮಾನವ ಹಕ್ಕುಗಳ ಬಗ್ಗೆ ಒಂದು ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಸಂತಾನಕ್ಕಾಗಿ ಮಾನವ ಕ್ಲೋನಿಂಗ್ ಮಾಡುವುದು ಮಾನವ ಘನತೆಗೆ ವಿರುದ್ಧವಾದ್ದರಿಂದ ಅದಕ್ಕೆ ಅವಕಾಶವಿರಬಾರದೆಂದು ಅದರ 11ನೆಯ ಪರಿಚ್ಛೇದ ಹೇಳುತ್ತದೆ. 1998ರ ಜನವರಿ 12ರಂದು ಯುರೋಪಿನ ಮಂಡಳಿಯು ಪ್ಯಾರಿಸ್‌ನಲ್ಲಿ ಸಹಿಗೆ ತೆರೆದಿಟ್ಟ ಒಡಂಬಡಿಕೆ 2001ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಅದು ಕಾನೂನಿನ ಬಲವುಳ್ಳದ್ದು, ಆದರೆ ಅನುಮೋದಿಸಿದ ರಾಷ್ಟ್ರಗಳಿಗೆ ಮಾತ್ರ. ಇಡೀ ಜಗತ್ತಿಗೆ ಅನ್ವಯಿಸುವ ಒಪ್ಪಂದವೊಂದು ಬೇಕೆಂದು ಫ್ರಾನ್ಸ್ ಮತ್ತು ಜರ್ಮನಿ 2001ರಲ್ಲಿ ವಿಶ್ವಸಂಸ್ಥೆಯ ಮುಂದೆ ವಿಷಯವನ್ನಿಟ್ಟವು.

ಕ್ಲೋನಿಂಗಿನಿಂದ ಮಗುವನ್ನು ಹುಟ್ಟಿಸಬಾರದೆಂಬ ವಿಷಯದಲ್ಲಿ ಭಿನ್ನಮತವಿರಲಿಲ್ಲ. ಭಿನ್ನಮತ ಹುಟ್ಟಿದ್ದು ಬೇರೊಂದು ಪ್ರಶ್ನೆಯಲ್ಲಿ. ಕ್ಲೋನಿಂಗಿನಿಂದ ಪಡೆದ ಭ್ರೂಣವನ್ನು ಗರ್ಭದಲ್ಲಿ ಇರಿಸದೆ, ಕೆಲವು ದಿನ ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅದರೊಳಗಿನ ಆಕರಕೋಶಗಳನ್ನು ಚಿಕಿತ್ಸೆಯ ಸಂಶೋಧನೆಗೆ ತೆಗೆದುಕೊಳ್ಳಬಹುದೇ? ಕೋಶಗಳನ್ನು ತೆಗೆದೊಡನೆ ಭ್ರೂಣ ಅಲ್ಲಿಗೇ ಮುಗಿಯುತ್ತದೆ. ಇದನ್ನೂ ನಿಷೇಧಿಸಬೇಕೆಂದು ಅಮೆರಿಕ, ಕೋಸ್ಟರಿಕಾ ಮೊದಲಾದವು ಪಟ್ಟುಹಿಡಿದವು. ರೋಗಿಗಳ ಆಸೆಯನ್ನು ಚಿವುಟಬಾರದೆಂದು ಬ್ರಿಟನ್, ಬೆಲ್ಜಿಯಂ ಮೊದಲಾದವು ವಾದಿಸಿದವು. 2003ರ ನವೆಂಬರಿನಲ್ಲಿ ಚರ್ಚೆಯನ್ನೇ ಮುಂದೂಡುವ ಸೂಚನೆ 80ಕ್ಕೆ 79 ಮತಗಳಿಂದ, ಅಂದರೆ ಒಂದೇ ಮತದ ಅಂತರದಿಂದ, ಗೆದ್ದಿತು. ಒಪ್ಪಂದ ಆಗಲೇ ಇಲ್ಲ. ಅದರ ಸ್ಥಾನದಲ್ಲಿ 2005ರ ಮಾರ್ಚ್ 8ರಂದು ಕಾನೂನಿನ ಬಲವಿಲ್ಲದ ಒಂದು ಘೋಷಣೆ ಬಂದಿತು. ಮಾನವ ಘನತೆಗೂ ಮಾನವ ಜೀವದ ರಕ್ಷಣೆಗೂ ಹೊಂದದ ಎಲ್ಲ ಬಗೆಯ ಮಾನವ ಕ್ಲೋನಿಂಗನ್ನು ನಿಷೇಧಿಸುವಂತೆ ಅದು ರಾಷ್ಟ್ರಗಳಿಗೆ ಕರೆ ನೀಡಿತು. ಪರ 84, ವಿರುದ್ಧ 34, ತಟಸ್ಥ 37.

ವಿರುದ್ಧ ಮತ ನೀಡಿದ 34 ರಾಷ್ಟ್ರಗಳಲ್ಲಿ ಭಾರತವೂ ಒಂದು ಎಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಸಂತಾನಕ್ಕಾಗಿ ಕ್ಲೋನಿಂಗ್ ಮಾಡುವುದನ್ನು ಭಾರತ ಒಪ್ಪಿರಲಿಲ್ಲ. ಚಿಕಿತ್ಸೆಗಾಗಿ ನಡೆಯುವ ಸಂಶೋಧನೆಗೂ ಈ ಘೋಷಣೆ ತಡೆಯಾದೀತೆಂಬುದು ಅದರ ಆಕ್ಷೇಪವಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿಯೂ ಇದೇ ನಿಲುವಿದೆ: ಕ್ಲೋನಿಂಗಿನಿಂದ ಮಾನವ ಸಂತಾನವನ್ನು ಪಡೆಯುವ ಯತ್ನವು ನಿಷಿದ್ಧ ವರ್ಗದಲ್ಲಿದೆ, ಮಾನವ ಭ್ರೂಣವನ್ನು ಹದಿನಾಲ್ಕು ದಿನಗಳಾಚೆ ಪ್ರಯೋಗಶಾಲೆಯಲ್ಲಿ ಬೆಳೆಸುವುದೂ ನಿಷಿದ್ಧ, ಆ ಗಡಿಯೊಳಗಿನ ಸಂಶೋಧನೆ ಮಾತ್ರ ಕಟ್ಟುಪಾಡುಗಳೊಡನೆ ಸಾಧ್ಯ.

ಈ ವಿವಾದವು ನಮ್ಮ ನಾಡಿಗೆ ದೂರದ್ದೂ ಅಲ್ಲ. 2001ರ ಆಗಸ್ಟ್ 9ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್, ಅದಾಗಲೇ ಇದ್ದ ಭ್ರೂಣಕೋಶ ತಳಿಗಳ ಸಂಶೋಧನೆಗೆ ಮಾತ್ರ ಸರ್ಕಾರದ ಹಣವೆಂದು ಸಾರಿದಾಗ, ಅಂಥ ತಳಿಗಳ ಪಟ್ಟಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಹೆಸರಿನಲ್ಲಿ ಮೂರು ತಳಿಗಳಿದ್ದವು. 2009ರಲ್ಲಿ ಬೆಂಗಳೂರಿನದೇ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮ್ದಾರ್ ಅವರ ತಂಡವು, ಗರ್ಭದಲ್ಲಿ ಇರಿಸಲು ಯೋಗ್ಯವಲ್ಲವೆಂದು ಬಿಟ್ಟ ಭ್ರೂಣಗಳಿಂದ ಎರಡು ತಳಿಗಳನ್ನು ಪಡೆದುದನ್ನು ಪ್ರಕಟಿಸಿತು. ಇವು ಕ್ಲೋನಿಂಗಿನ ಭ್ರೂಣಗಳಲ್ಲ. ಆದರೆ ಭ್ರೂಣಕ್ಕೆ ನಾವು ಏನು ಸಲ್ಲಿಸಬೇಕು ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ವಿಶ್ವಸಂಸ್ಥೆಯು ಬಗೆಹರಿಸಲಾರದೆ ಬಿಟ್ಟ ಆ ಪ್ರಶ್ನೆಯೇ ಅಕ್ಕನ ಮನೆಗೆ ಬಂದದ್ದು.

ಅಕ್ಕನ ಮಗಳನ್ನು ಶಹಾಪುರಕ್ಕೆ ಕೊಟ್ಟಿದೆ. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗಲಿಲ್ಲ. ಕೊನೆಗೆ ದಂಪತಿಗಳು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಪ್ರನಾಳ ಶಿಶು ಚಿಕಿತ್ಸೆ ಪಡೆದರು. 2022ರಲ್ಲಿ ಗಂಡು ಮಗು ಹುಟ್ಟಿತು. ಹೆಸರಿಡುವ ದಿನ ನಾವೆಲ್ಲ ಶಹಾಪುರದಲ್ಲಿ ಸೇರಿದ್ದೆವು. ಹಿರಿಯರೊಬ್ಬರು, ತೀರಿಕೊಂಡ ಸೋದರಮಾವನ ಹೆಸರನ್ನೇ ಕೂಸಿಗೆ ಇಡಬೇಕೆಂದು ಸೂಚಿಸಿದರು; ಅನೇಕರು ತಲೆದೂಗಿದರು. ಅಕ್ಕ ಮಾತ್ರ ಒಪ್ಪಲಿಲ್ಲ. “ಅವನ ಹೆಸರು ಬ್ಯಾಡ್ರಿ. ಈ ಕೂಸು ಈ ಕೂಸೇ ಆಗ್ಲಿ” ಎಂದಳು. ಹದಿಮೂರು ವರ್ಷಗಳ ಹಿಂದೆ ನಾನು ಹೇಳಲಾರದೆ ಹೋದ ಕಾರಣವನ್ನು ಅಕ್ಕ ತಾನೇ ಕಂಡುಕೊಂಡಿದ್ದಳು.

ಮುಂದಿನ ವರ್ಷ ಸೊಸೆ ಒಂದು ಅರ್ಜಿಯ ನಮೂನೆಯನ್ನು ತಂದು ನನ್ನ ಮುಂದಿಟ್ಟಳು. (ನಮ್ಮ ಕಡೆ ಅಕ್ಕನ ಮಗಳು ಸೊಸೆಯೇ.) ಚಿಕಿತ್ಸೆಯ ಕಾಲದಲ್ಲಿ ಆರು ಭ್ರೂಣಗಳಾಗಿದ್ದವು. ಎರಡನ್ನು ಒಂದೊಂದಾಗಿ ಗರ್ಭದಲ್ಲಿ ಇರಿಸಿದ್ದರು. ಎರಡನೆಯದು ನಿಂತು ಮಗುವಾಯಿತು. ನಾಲ್ಕನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದಾರೆ. ಅವನ್ನು ಮುಂದೆಯೂ ಕಾಪಾಡಬೇಕೇ, ನಶಿಸಲು ಬಿಡಬೇಕೇ, ಸಂಶೋಧನೆಗೆ ಕೊಡಬೇಕೇ ಎಂದು ನಮೂನೆ ಕೇಳಿತ್ತು. 2022ರ ಜನವರಿಯಿಂದ ಜಾರಿಯಲ್ಲಿರುವ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆಯ ಪ್ರಕಾರ ಭ್ರೂಣಗಳನ್ನು ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಇಡುವಂತಿಲ್ಲ. ಅವಧಿ ಮುಗಿದ ಮೇಲೆ ನಶಿಸಲು ಬಿಡಬೇಕು, ಇಲ್ಲವೇ ದಂಪತಿಗಳ ಒಪ್ಪಿಗೆಯಿಂದ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು.

“ಮಾಮಾ, ಸಹಿ ಎಲ್ಲಿ ಮಾಡ್ಲಿ?” ಎಂದು ಸೊಸೆ ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. “ಆರು ಮಾಡ್ತೀವಿ ಅಂದಾಗ ಆರೂ ಇರ್ಲಿ ಅಂದೆ. ಉಳಿದ್ರ ಏನು ಮಾಡಬೇಕಂತ ಆವಾಗ ನಾ ವಿಚಾರ ಮಾಡ್ಲಿಲ್ಲ.”

ನನಗೆ ನಮ್ಮ ಅಜ್ಜಿ ನೀರು ಸೋಸುತ್ತಿದ್ದುದು ನೆನಪಾಯಿತು. ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿದ ಮೇಲೆ, ಆ ಬಟ್ಟೆಯನ್ನು ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಅದೇ ಬಾವಿಗೆ ಮೆಲ್ಲನೆ ಇಳಿಸುತ್ತಿದ್ದಳು. ಅದರಲ್ಲಿ ಜೀವಗಳಿವೆಯೋ ಇಲ್ಲವೋ ಅವಳ ಕಣ್ಣಿಗೆ ಕಾಣುತ್ತಿರಲಿಲ್ಲ. ಇರಬಹುದೆಂಬ ಸಂಶಯವೇ ಅವಳಿಗೆ ಸಾಕಾಗಿತ್ತು. ಗಾಜಿನ ತಟ್ಟೆಯಲ್ಲಿ ಎರಡು ಕಣಗಳು ಕೂಡಿದ ಕ್ಷಣದಲ್ಲಿಯೇ ಅಲ್ಲಿ ಜೀವ ಬಂದು ನೆಲೆಸಿತೇ, ಗರ್ಭಜನ್ಮವೆಂಬ ಶಾಸ್ತ್ರದ ಮಾತು ಗರ್ಭವಿಲ್ಲದ ಆ ಸ್ಥಿತಿಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ನಿರ್ಣಯಿಸುವ ಅಧಿಕಾರ ನನ್ನಂಥವನಿಗಿಲ್ಲ. ಅದನ್ನು ಮುನಿಗಳೂ ವಿದ್ವಾಂಸರೂ ವಿಚಾರಿಸಬೇಕು. ಆದರೆ ಸಂಶಯವಿದ್ದಲ್ಲಿ ಜೀವದ ಪರವಾಗಿ ನಡೆದುಕೊಳ್ಳುವುದೇ ನಮ್ಮ ಮನೆಗಳ ಆಚಾರ. ಈ ನಾಲ್ಕನ್ನು ಮರಳಿ ಇಳಿಸಲು ಬಾವಿ ಯಾವುದು?

ಆ ಕಾರ್ತಿಕ ಮಾಸದಲ್ಲಿ ಅಕ್ಕನೊಡನೆ ಮಳಖೇಡದ ನೇಮಿನಾಥ ಬಸದಿಯ ದರ್ಶನಕ್ಕೆ ಹೋಗಿದ್ದೆ. ಯಾದಗಿರಿಯ ನೆರೆಯ ಸೇಡಂ ತಾಲ್ಲೂಕಿನ ಆ ಊರು ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಕುಳಿತಾಗ ಉಗ್ರಾದಿತ್ಯಾಚಾರ್ಯನ ನೆನಪಾಯಿತು. ‘ಕಲ್ಯಾಣಕಾರಕ’ವೆಂಬ ಅವನ ವೈದ್ಯಗ್ರಂಥದಲ್ಲಿ ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆ ನಿರೂಪಿತವಾಗಿದೆ. ನೃಪತುಂಗನ ಸಭೆಯಲ್ಲಿ, ವೈದ್ಯರ ಸಮ್ಮುಖದಲ್ಲಿ, ಔಷಧಕ್ಕೆ ಮಾಂಸ ಅನಾವಶ್ಯಕವೆಂದು ಅವನು ವಾದಿಸಿದನೆಂದು ಆ ಗ್ರಂಥದಿಂದ ತಿಳಿಯುತ್ತದೆ. ಆ ಅರಸನನ್ನು ವಿದ್ವಾಂಸರು ಒಂಬತ್ತನೆಯ ಶತಮಾನದ ಅಮೋಘವರ್ಷನೆಂದು ಗುರುತಿಸುತ್ತಾರೆ. ಈ ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಗಿದೆ. ರೋಗ ವಾಸಿಯಾಗುವುದಾದರೆ ಯಾವ ಸಾಧನವಾದರೂ ಸರಿಯೇ ಎಂಬ ಪ್ರಶ್ನೆ, ವಿಶ್ವಸಂಸ್ಥೆಗಿಂತ ಸಾವಿರದ ನೂರು ವರ್ಷಗಳ ಮೊದಲೇ ನಮ್ಮ ನೆಲದಲ್ಲಿ ರಾಜಸಭೆಯ ಚರ್ಚೆಯಾಗಿತ್ತು. ಉಗ್ರಾದಿತ್ಯನು ರೋಗಿಯನ್ನು ಕೈಬಿಡಲಿಲ್ಲ, ವೈದ್ಯವನ್ನು ಹಳಿಯಲಿಲ್ಲ. ಹಿಂಸೆಯಿಲ್ಲದ ಮತ್ತೊಂದು ಔಷಧವನ್ನು ಹುಡುಕಿದನು.

ಇಂಥ ಹುಡುಕಾಟ ನಮ್ಮ ಕಾಲದಲ್ಲಿಯೂ ಫಲಿಸಿದೆ. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮಾನವನ ಚರ್ಮದ ಕೋಶಗಳನ್ನೇ ಆಕರಕೋಶಗಳಂತೆ ಮಾರ್ಪಡಿಸಿ ತೋರಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಭ್ರೂಣವನ್ನು ಒಡೆಯದೆಯೇ ಅನೇಕ ಸಂಶೋಧನೆಗಳು ಮುಂದುವರಿಯಲು ಇದರಿಂದ ದಾರಿಯಾಯಿತು. 2013ರಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಕ್ಲೋನಿಂಗಿನ ಮಾನವ ಭ್ರೂಣದಿಂದ ಆಕರಕೋಶಗಳನ್ನು ಪಡೆದದ್ದೂ ನಿಜ. ಆದರೆ ಅದೊಂದೇ ಮಾರ್ಗವೆಂದು ಈಗ ಯಾರೂ ಹೇಳುವಂತಿಲ್ಲ. ಲೋಕದ ಘೋಷಣೆಗಳೆಲ್ಲ ಮಾನವ ಘನತೆ ಎಂಬ ಮಾತಿನಿಂದ ತೊಡಗುತ್ತವೆ. ಕುರಿ, ಎಮ್ಮೆ, ಕೋತಿಗಳ ಲೆಕ್ಕ ಅವುಗಳಲ್ಲಿ ಬರುವುದಿಲ್ಲ. ನಮ್ಮ ಧರ್ಮ ಜೀವ ಎಂಬ ಮಾತಿನಿಂದ ತೊಡಗುತ್ತದೆ. ಆದ್ದರಿಂದ ಕಾಯಿದೆಯು ಎಲ್ಲಿ ಸುಮ್ಮನಾಗುತ್ತದೆಯೋ ಅಲ್ಲಿ ನಾವೂ ಸುಮ್ಮನಾಗುವಂತಿಲ್ಲ.

ಇಷ್ಟೆಲ್ಲ ಹೇಳಿದೆನೆಂದು ಮಕ್ಕಳಿಲ್ಲದ ದಂಪತಿಗಳನ್ನು ನಾನು ದೂಷಿಸುತ್ತಿಲ್ಲ. ಒಂಬತ್ತು ವರ್ಷ ಸೊಸೆ ಕೇಳಿದ ಕೊಂಕುಮಾತುಗಳನ್ನು ನಾನೂ ಕೇಳಿದ್ದೇನೆ; ಅಂಥ ಮಾತಾಡಿದವರಲ್ಲಿ ನಮ್ಮ ಸಮಾಜದವರೂ ಇದ್ದರು. ಆ ಹಿಂಸೆಯನ್ನು ಮಾಡಿದವರಿಗೆ ಅವಳ ಚಿಕಿತ್ಸೆಯನ್ನು ವಿಮರ್ಶಿಸುವ ಹಕ್ಕಿಲ್ಲ. ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂದು ಶಾಸ್ತ್ರ ತಿಳಿಸುತ್ತದೆ. ಇಲ್ಲಿ ಪ್ರಮಾದವೆಂದರೆ ಚಿಕಿತ್ಸೆ ಪಡೆದದ್ದಲ್ಲ. ಮೊದಲೇ ವಿಚಾರಿಸದೆ ಇದ್ದದ್ದು. ಆ ಪ್ರಮಾದದಲ್ಲಿ ವಿಜ್ಞಾನದ ಶಿಕ್ಷಕನಾಗಿದ್ದ ನನ್ನ ಪಾಲೂ ಇದೆ. ಚಿಕಿತ್ಸೆಗೆ ಹೊರಟಾಗ ಅವಳು ನನ್ನ ಮನೆಗೇ ಬಂದು ಹೇಳಿ ಹೋಗಿದ್ದಳು, ನಾನು ಶುಭವಾಗಲಿ ಎಂದಷ್ಟೇ ಹೇಳಿದ್ದೆ.

ಶ್ರಾವಕನ ಐದನೆಯ ಅಣುವ್ರತವು ಪರಿಗ್ರಹ ಪರಿಮಾಣ. ಹೊಲ, ಮನೆ, ಬಂಗಾರಗಳಿಗೆ ನಾವು ಪರಿಮಾಣ ಮಾಡಿಕೊಳ್ಳುವುದು ಅವು ಕೈಸೇರಿದ ಮೇಲಲ್ಲ, ಅದಕ್ಕೆ ಮೊದಲು. ಭ್ರೂಣವು ನಮ್ಮ ಸ್ವತ್ತಲ್ಲ. ಆದರೂ ಅದೇ ವಿವೇಕ ಇಲ್ಲಿ ದಾರಿ ತೋರುತ್ತದೆ. ನಾವು ಗರ್ಭದಲ್ಲಿ ಹೊತ್ತು ಸಲಹಲು ಸಿದ್ಧರಿರುವಷ್ಟನ್ನೇ ಬರಮಾಡಿಕೊಳ್ಳಬೇಕು. ಇದು ಬರಿಯ ಉಪದೇಶವಲ್ಲ. ಎಷ್ಟು ಅಂಡಾಣುಗಳನ್ನು ಫಲಿತಗೊಳಿಸಬೇಕೆಂಬುದನ್ನು ಮಿತಿಗೊಳಿಸುವಂತೆ ವೈದ್ಯರನ್ನು ಕೇಳಬಹುದು. ಮಿಕ್ಕ ಅಂಡಾಣುಗಳನ್ನು ಫಲಿತಗೊಳಿಸದೆಯೇ ಹೆಪ್ಪುಗಟ್ಟಿಸಿ ಇಡಲು ಸಾಧ್ಯವೇ ಎಂದು ವಿಚಾರಿಸಬಹುದು. ಇದರಿಂದ ಒಂದೇ ಸಲಕ್ಕೆ ಫಲ ದೊರೆಯುವ ಸಂಭವ ಕಡಿಮೆಯಾಗಬಹುದು, ಖರ್ಚು ಹೆಚ್ಚಬಹುದು. ವ್ರತವೆಂದರೆ ಅಷ್ಟು ಬೆಲೆ ಇದ್ದೇ ಇರುತ್ತದೆ.

ಬಸದಿಗಳ ಟ್ರಸ್ಟುಗಳಲ್ಲಿ ನನ್ನದೊಂದು ವಿನಂತಿಯಿದೆ. ನಾವು ಪಂಚಕಲ್ಯಾಣಕ್ಕೆ, ಜೀರ್ಣೋದ್ಧಾರಕ್ಕೆ ಸಭೆ ಸೇರುತ್ತೇವೆ. ವರ್ಷಕ್ಕೊಮ್ಮೆ, ಚಾತುರ್ಮಾಸದ ಕಾಲದಲ್ಲಿ, ಒಬ್ಬ ತಜ್ಞ ವೈದ್ಯರನ್ನೂ ಒಬ್ಬ ಶಾಸ್ತ್ರಜ್ಞರನ್ನೂ ಒಂದೇ ವೇದಿಕೆಗೆ ಕರೆದು, ತರುಣ ದಂಪತಿಗಳ ಪ್ರಶ್ನೆಗಳಿಗೆ ಸಂಕೋಚವಿಲ್ಲದೆ ಉತ್ತರ ದೊರೆಯುವಂತೆ ಮಾಡಬಾರದೇ? ಆಸ್ಪತ್ರೆಯ ನಮೂನೆಗೆ ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡದಲ್ಲಿ ಒಂದು ಹಾಳೆಯಾಗಿ ಅಚ್ಚು ಹಾಕಿಸಿ ಹಂಚಬಾರದೇ? ಎಷ್ಟು ಭ್ರೂಣಗಳಾಗುತ್ತವೆ, ಉಳಿದವು ಎಲ್ಲಿರುತ್ತವೆ, ಎಷ್ಟು ಕಾಲ ಇರುತ್ತವೆ, ಕೊನೆಗೆ ಏನಾಗುತ್ತವೆ ಎಂಬ ನಾಲ್ಕು ಪ್ರಶ್ನೆಗಳು ಸಾಕು.

ಸೊಸೆ ಆ ನಮೂನೆಯಲ್ಲಿ ಕಾಪಾಡಬೇಕೆಂಬಲ್ಲಿಯೇ ಸಹಿ ಮಾಡಿದಳು. ಮುಂದೆ ಎರಡನೆಯ ಮಗುವಿಗಾಗಿ ಎರಡು ಸಲ ಯತ್ನಿಸಿದರು. ಎರಡೂ ಸಲ ನಿಲ್ಲಲಿಲ್ಲ. ಈಗ ಎರಡು ಉಳಿದಿವೆ. ಅವಳ ಆರೋಗ್ಯ ಮತ್ತೊಂದು ಯತ್ನಕ್ಕೆ ಅನುಕೂಲವಾಗಿಲ್ಲ. ಪ್ರತಿ ವರ್ಷ ಶುಲ್ಕ ಕಟ್ಟುತ್ತಿದ್ದಾರೆ, ಹತ್ತು ವರ್ಷದ ಅವಧಿ ಮುಗಿಯಲು ಕಾ‌ಲವಿದೆ. ಅವಧಿ ಮುಗಿದಾಗ ಏನೆಂಬುದಕ್ಕೆ ಅವಳಲ್ಲಿಯೂ ನನ್ನಲ್ಲಿಯೂ ಉತ್ತರವಿಲ್ಲ. ಕಳೆದ ದಶಲಕ್ಷಣ ಪರ್ವದ ಕೊನೆಗೆ, ಕ್ಷಮಾವಣಿಯ ದಿನ, ಶಹಾಪುರದ ಮನೆಯಲ್ಲಿ ಹಿರಿಕಿರಿಯರೆಲ್ಲ ಪರಸ್ಪರ ಕ್ಷಮೆ ಕೇಳಿದ ಮೇಲೆ ಅವಳು ನನ್ನ ಬಳಿಗೆ ಬಂದು, “ಎಲ್ಲಾ ಜೀವಗಳಲ್ಲಿ ಕ್ಷಮಾ ಬೇಡುವಾಗ ಆ ಎರಡೂ ನೆನಪಾದ್ವು ಮಾಮಾ” ಎಂದಳು. ಅಕ್ಕ ಮೊಮ್ಮಗನನ್ನು ಮಡಿಲಲ್ಲಿ ಕೂಡಿಸಿಕೊಂಡು ಕೇಳುತ್ತಿದ್ದಳು. ಏನೂ ಹೇಳದೆ ಮಗಳ ತಲೆಯ ಮೇಲೆ ಕೈಯಿಟ್ಟಳು.